ಮನೆಯೊಳಗಿನ ಘಾಟಿ



ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಗಳಲ್ಲಿ ಆಲ್ಪ್ ದುಯೆಜ್ ಎಂಬ ಏರುದಾರಿಯೊಂದಿದೆ. ಇಪ್ಪತ್ತೊಂದು ತಿರುವುಗಳ ದಾರಿ. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಅದನ್ನು ಮೊದಲ ಸಲ ಹತ್ತಿದ್ದು 1952ರಲ್ಲಿ. ಅಂದು ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿದವನು ಇಟಲಿಯ ಫೌಸ್ಟೊ ಕೊಪ್ಪಿ. ಅಲ್ಲಿ ತಿರುವುಗಳನ್ನು ಕೆಳಗಿನಿಂದ ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು ಎಂದು ಇಳಿಕೆಯ ಲೆಕ್ಕದಲ್ಲಿ ಎಣಿಸುತ್ತಾರೆ. ಪ್ರತಿ ತಿರುವಿನ ಫಲಕದ ಮೇಲೂ ಹಿಂದೆ ಗೆದ್ದವರ ಹೆಸರಿರುತ್ತದೆ.

ಈ ದಾರಿಯ ನಕಲೊಂದು ಕಂಪ್ಯೂಟರಿನೊಳಗೂ ಇದೆ. ಜ್ವಿಫ್ಟ್ ಎಂಬ ಅಮೆರಿಕದ ಕಂಪನಿ ಮಾಡಿರುವ ಆಟದಲ್ಲಿ ಅದರ ಹೆಸರು ಆಲ್ಪ್ ದು ಜ್ವಿಫ್ಟ್. ಉದ್ದ 12.2 ಕಿಲೋಮೀಟರ್, ಹತ್ತುವ ಎತ್ತರ 1036 ಮೀಟರ್, ಸರಾಸರಿ ಏರು ಶೇಕಡಾ 8.5. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಪಕ್ಕದಲ್ಲಿ, ಹಿಂದಿನ ಚಕ್ರ ಕಳಚಿದ ಸೈಕಲ್ಲನ್ನು ಟ್ರೈನರ್ ಎಂಬ ಒಂದು ಯಂತ್ರಕ್ಕೆ ಸಿಕ್ಕಿಸಿ ಬೆಳಗಿನ ಜಾವ ಅದನ್ನು ಹತ್ತುವವರಿದ್ದಾರೆ. ಸೈಕಲ್ಲು ಒಂದಿಂಚೂ ಮುಂದೆ ಹೋಗುವುದಿಲ್ಲ. ಬೆವರು ಮಾತ್ರ ಧಾರಾಕಾರ.

ಬೆವರೇನೋ ನಿಜ, ಏರೂ ಅಷ್ಟೇ ನಿಜವೇ? ಇವತ್ತಿನ ನನ್ನ ಮಾತು ಈ ಒಂದು ಪ್ರಶ್ನೆಯ ಸುತ್ತ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಎಷ್ಟೋ ಸಂಗತಿಗಳನ್ನು ಈ ಯಂತ್ರ ಅರೆಬರೆಯಾಗಿ ಅನುಕರಿಸುತ್ತದೆ. ಏರನ್ನು ಮಾತ್ರ ಚೆನ್ನಾಗಿಯೇ ಅನುಕರಿಸಬಲ್ಲುದು. ಆದರೆ ಪೆಟ್ಟಿಗೆಯಿಂದ ತೆಗೆದು ಪ್ಲಗ್ ಹಾಕಿದೊಡನೆ ಅದು ತಾನಾಗಿ ಆಗುವುದಿಲ್ಲ. ಸವಾರ ಸ್ವಲ್ಪ ಲೆಕ್ಕ ತಿಳಿದಿರಬೇಕು.

ಲೆಕ್ಕ ಕಷ್ಟದ್ದಲ್ಲ. ಶೇಕಡಾ 10ರ ಏರು ಎಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಹತ್ತು ಮೀಟರ್ ಮೇಲೆ ಹೋಗುವುದು. ಕೋನದಲ್ಲಿ ಹೇಳಿದರೆ ಆರು ಡಿಗ್ರಿಯೂ ಆಗದು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರೆ ಇಷ್ಟೇನಾ ಎನ್ನುತ್ತೀರಿ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ಆ ಇಳಿಜಾರಿನಲ್ಲಿ ಭೂಮಿ ಅವನನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು 78 ನ್ಯೂಟನ್. ಎಂಟು ಲೀಟರ್ ನೀರು ತುಂಬಿದ ಕೊಡವನ್ನು ಬಾವಿಯ ರಾಟೆಯ ಮೇಲೆ ಬಿಡದೆ ಸೇದುತ್ತಲೇ ಇದ್ದಂತೆ. ಟೈರು ರಸ್ತೆಗೆ ಉಜ್ಜುವ ನಷ್ಟ ಇನ್ನೊಂದು ನಾಲ್ಕು ನ್ಯೂಟನ್. ನಿತ್ಯ ಸೈಕಲ್ ತುಳಿಯುವ ಗಟ್ಟಿ ಆಳೊಬ್ಬ ಒಂದು ಗಂಟೆ ಹೊತ್ತು 200 ವಾಟ್ ಶಕ್ತಿ ಕೊಡಬಲ್ಲ ಎನ್ನೋಣ. ಅಷ್ಟರಲ್ಲಿ ಅವನ ವೇಗ ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ಚೂರು ಕಡಿಮೆ. ಒಂದು ಕಿಲೋಮೀಟರಿಗೆ ಏಳು ನಿಮಿಷ. ಆಲ್ಪ್ ದು ಜ್ವಿಫ್ಟ್ ಪೂರ್ತಿ ಹತ್ತಲು ಹತ್ತಿರ ಹತ್ತಿರ ಒಂದೂಕಾಲು ಗಂಟೆ.

ಇಷ್ಟು ನಿಧಾನದಲ್ಲಿ ಎದುರುಗಾಳಿಗೆ ಲೆಕ್ಕವೇ ಇಲ್ಲ. ಬಯಲಿನಲ್ಲಿ ಮೂವತ್ತರ ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲನ್ನು ಗಾಳಿಯೇ ನುಂಗುತ್ತದೆ. ಮುಂದಿರುವವರ ಬೆನ್ನ ಹಿಂದೆ ಅಡಗಿದರೆ ಎಷ್ಟು ಉಳಿತಾಯ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಸವಾರ ಎಷ್ಟು ಬಗ್ಗಿ ಕೂತಿದ್ದಾನೆ ಎಂಬುದನ್ನೆಲ್ಲ ಯಂತ್ರ ಊಹಿಸಬೇಕು. ಘಾಟಿಯಲ್ಲಿ ಆ ಊಹೆಗಳಿಗೆ ಕೆಲಸವಿಲ್ಲ. ತೂಕ ಎಷ್ಟು, ಏರು ಎಷ್ಟು, ನೀವು ಕೊಡುವ ವಾಟ್ ಎಷ್ಟು, ಈ ಮೂರು ಗೊತ್ತಾದರೆ ವೇಗ ತಾನಾಗಿ ಬರುತ್ತದೆ. ಏರನ್ನು ಯಂತ್ರ ಚೆನ್ನಾಗಿ ಅನುಕರಿಸುತ್ತದೆ ಎಂದು ನಾನು ಹೇಳಿದ್ದು ಇದಕ್ಕೇ.

ಇನ್ನು ಯಂತ್ರದ ಒಳಗೆ ಏನಿದೆ ನೋಡೋಣ. ಹಿಂದಿನ ಚಕ್ರ ತೆಗೆದು, ಚೈನನ್ನು ನೇರವಾಗಿ ಟ್ರೈನರಿನ ಗೇರ್ ಹಲ್ಲುಗಳ ಮೇಲೆ ಕೂರಿಸುತ್ತೀರಿ. ಅಲ್ಲಿಂದ ಒಂದು ಬೆಲ್ಟು ಭಾರವಾದ ಫ್ಲೈವೀಲನ್ನು ತಿರುಗಿಸುತ್ತದೆ. ಹೆಸರಾಂತ ಒಂದು ಮಾದರಿಯಲ್ಲಿ ಆ ಗಾಲಿಯ ತೂಕವೇ ಏಳು ಕಿಲೋ ದಾಟುತ್ತದೆ. ಗಾಲಿಯ ಪಕ್ಕದಲ್ಲಿ ವಿದ್ಯುತ್ ಅಯಸ್ಕಾಂತಗಳು. ತಿರುಗುವ ಲೋಹ ಅಯಸ್ಕಾಂತದ ಕ್ಷೇತ್ರದೊಳಗೆ ಹಾದಾಗ ಲೋಹದೊಳಗೇ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟಿ, ತಿರುಗುವುದನ್ನೇ ತಡೆಯುತ್ತದೆ. ಇದನ್ನು 1855ರಲ್ಲಿ ಕಂಡು ತೋರಿಸಿದವನು ಫ್ರಾನ್ಸಿನ ಲಿಯೋನ್ ಫೂಕೊ. ನಮ್ಮ ಹಳೆಯ ಮನೆಗಳ ಕರೆಂಟ್ ಮೀಟರಿನ ಗಾಜಿನ ಹಿಂದೆ ಅಲ್ಯೂಮಿನಿಯಂ ತಟ್ಟೆಯೊಂದು ತಿರುಗುತ್ತಿತ್ತಲ್ಲ, ಅದನ್ನು ಹದವಾಗಿ ತಡೆದು ಹಿಡಿಯುತ್ತಿದ್ದದ್ದೂ ಇದೇ ತತ್ವ. ಪರದೆಯ ಮೇಲಿನ ರಸ್ತೆ ಮೇಲೇರಿದಾಗ ಕಂಪ್ಯೂಟರು ಬ್ಲೂಟೂತ್ ಮೂಲಕ ಹೊಸ ಏರಿನ ಅಂಕಿ ಕಳಿಸುತ್ತದೆ, ಅಯಸ್ಕಾಂತಕ್ಕೆ ಹೆಚ್ಚು ಕರೆಂಟು ಹರಿಯುತ್ತದೆ, ಪೆಡಲು ಭಾರವಾಗುತ್ತದೆ.

ಈ ತಡೆಗೆ ಒಂದು ಗುಣವಿದೆ. ಗಾಲಿ ನಿಧಾನವಾದಷ್ಟೂ ತಡೆಯುವ ಬಲವೂ ಕುಗ್ಗುತ್ತದೆ. ಕಡಿದಾದ ಏರಿನಲ್ಲಿ ನಾವು ಮಾಡುವುದೇನು? ಮುಂದೆ ಸಣ್ಣ ಹಲ್ಲುಗಾಲಿ, ಹಿಂದೆ ದೊಡ್ಡ ಹಲ್ಲುಗಾಲಿ ಹಾಕಿ ಅತಿ ಹಗುರ ಗೇರಿಗೆ ಇಳಿಯುತ್ತೇವೆ. ಆಗ ಫ್ಲೈವೀಲ್ ತೆವಳುತ್ತದೆ. ಅಂದರೆ ಅತಿ ಹೆಚ್ಚು ತಡೆ ಬೇಕಾದ ಹೊತ್ತಿನಲ್ಲೇ ಯಂತ್ರದ ಕೈಯಲ್ಲಿ ಅತಿ ಕಡಿಮೆ ಬಲ ಉಳಿದಿರುತ್ತದೆ. ಎರಡು ಸಾವಿರ ವಾಟ್ ತಡೆಯುತ್ತೇನೆ ಎಂದು ಪೆಟ್ಟಿಗೆಯ ಮೇಲೆ ಬರೆದುಕೊಂಡ ಯಂತ್ರಕ್ಕೆ ನಲವತ್ತರ ವೇಗದಲ್ಲಿ ಅದು ಸಾಧ್ಯ. ಆರೇಳು ಕಿಲೋಮೀಟರ್ ವೇಗದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ.

ಏರಿನ ಅಂಕಿಯನ್ನೂ ಹೀಗೇ ಓದಬೇಕು. ಟ್ಯಾಕ್ಸ್ ಫ್ಲೋ ಎಂಬ, ಟೈರನ್ನೇ ಉರುಳೆಗೆ ಒತ್ತುವ ಅಗ್ಗದ ಯಂತ್ರ ಶೇಕಡಾ 6ರ ಏರು ಕೊಡುತ್ತೇನೆ ಎನ್ನುತ್ತದೆ.  ಟ್ಯಾಕ್ಸ್ ಫ್ಲಕ್ಸ್ ಎಸ್ ಎಂಬುದು ಶೇಕಡಾ 10 ಎನ್ನುತ್ತದೆ, ವಾಹೂ ಕಿಕರ್ ಕೋರ್ 16, ಕಿಕರ್ 20, ಟ್ಯಾಕ್ಸ್ ನಿಯೊ 25. ಆದರೆ ಏರು ಯಾರಿಗೆ? ಸೈಕಲ್ ಸೇರಿ 70 ಕಿಲೋ ತೂಗುವವನಿಗೆ ಶೇಕಡಾ 20ರಲ್ಲಿ 137 ನ್ಯೂಟನ್ ಸಾಕು. 105 ಕಿಲೋ ತೂಗುವವನಿಗೆ 206 ಬೇಕು. ಒಂದೇ ಯಂತ್ರ ಸಣಕಲನಿಗೆ ಬೆಟ್ಟ ತೋರಿಸಿ, ದಪ್ಪನೆಯ ಮನುಷ್ಯನಿಗೆ ಅರ್ಧದಲ್ಲೇ ಕೈಕೊಡಬಹುದು. ಕೊಂಡುಕೊಳ್ಳುವಾಗ ಅಂಕಿಯ ಜೊತೆಗೆ ನಿಮ್ಮ ತೂಕವನ್ನೂ ಇಟ್ಟು ನೋಡಿ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ.

ಯಂತ್ರ ಸೋತಿತು ಎಂದು ತಿಳಿಯುವುದು ಹೇಗೆ? ಪರದೆ ಶೇಕಡಾ 15 ಎನ್ನುತ್ತಿರುತ್ತದೆ, ಅಲ್ಲಿನ ಸವಾರ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ವೇಗದಲ್ಲಿ ತೆವಳುತ್ತಿರುತ್ತಾನೆ, ನಿಮ್ಮ ಕಾಲು ಮಾತ್ರ ಸರಾಗ ತಿರುಗುತ್ತಿರುತ್ತದೆ, ವಾಟ್ ಮೇಲೇಳುವುದೇ ಇಲ್ಲ. ಆಗ ಒಂದೆರಡು ಗೇರ್ ಭಾರ ಮಾಡಿ. ಫ್ಲೈವೀಲ್ ವೇಗ ಹಿಡಿಯುತ್ತದೆ, ಅಯಸ್ಕಾಂತಕ್ಕೆ ಹಿಡಿತ ಸಿಗುತ್ತದೆ. ಬ್ರೇಕಿನ ಬದಲು ಮೋಟರನ್ನೇ ಹಿಂದಿನ ಅಚ್ಚಿಗೆ ಜೋಡಿಸಿರುವ ನಿಯೊ ತರಹದ ಯಂತ್ರಗಳಿಗೆ ಈ ತೊಂದರೆ ಕಡಿಮೆ, ಬೆಲೆ ಹೆಚ್ಚು. ಈಚೆಗೆ ಬಂದಿರುವ ಇನ್ನೊಂದು ಉಪಾಯದಲ್ಲಿ ಗೇರನ್ನು ಚೈನಿನಿಂದ ಬದಲಿಸುವುದೇ ಇಲ್ಲ. ಹಿಂದೆ ಒಂದೇ ಹಲ್ಲುಗಾಲಿ, ಹ್ಯಾಂಡಲಿನಲ್ಲಿ ಗುಂಡಿ. ಗುಂಡಿ ಒತ್ತಿದರೆ ಗೇರ್ ಬದಲಾದಂತೆ ಯಂತ್ರವೇ ಭಾರವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಚೈನು ನಡುಗೇರಿನಲ್ಲೇ ಇರುವುದರಿಂದ ಫ್ಲೈವೀಲ್ ಎಂದೂ ತೀರ ನಿಧಾನವಾಗದು. ಸಮಸ್ಯೆ ತೀರಿತು ಎನ್ನಿಸುತ್ತದೆ. ಪೂರ್ತಿ ತೀರುವುದಿಲ್ಲ.

ಅದಕ್ಕೆ ಕಾರಣವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ. ಬಯಲಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ 80 ಕಿಲೋ ಸವಾರನಲ್ಲಿ 4000 ಜೂಲ್ ಚಲನಶಕ್ತಿ ಇರುತ್ತದೆ. ಅವನು ತುಳಿಯುವುದನ್ನು ಕ್ಷಣ ನಿಲ್ಲಿಸಿದರೂ ಸೈಕಲ್ಲು ಹೋಗುತ್ತಲೇ ಇರುತ್ತದೆ. ಅದೇ ಸವಾರ ಏರಿನಲ್ಲಿ 9 ಕಿಲೋಮೀಟರ್ ವೇಗದಲ್ಲಿದ್ದಾಗ ಅವನಲ್ಲಿರುವುದು 250 ಜೂಲ್, ಹದಿನಾರರಲ್ಲಿ ಒಂದು ಪಾಲು. ಶೇಕಡಾ 10ರ ಏರಿನಲ್ಲಿ ತುಳಿಯುವುದನ್ನು ಬಿಟ್ಟರೆ ಎರಡೂವರೆ ಸೆಕೆಂಡಿನೊಳಗೆ ಸೈಕಲ್ಲು ನಿಂತೇಬಿಡುತ್ತದೆ. ಪೆಡಲು ಮೇಲೆ ಕೆಳಗೆ ನೆಟ್ಟಗೆ ನಿಂತಾಗ ಕಾಲಿನ ಬಲ ಸರಿಯಾಗಿ ತಾಗುವುದಿಲ್ಲವಲ್ಲ, ಬಯಲಿನಲ್ಲಿ ಆ ಚಣವನ್ನು ವೇಗವೇ ದಾಟಿಸುತ್ತದೆ. ಘಾಟಿಯಲ್ಲಿ ದಾಟಿಸುವವರು ಯಾರೂ ಇಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಸೈಕಲ್ಲು ಸೋಲುತ್ತದೆ, ಎರಡು ಸಲ ನೀವೇ ಎತ್ತಿಕೊಳ್ಳಬೇಕು. ಒಂದೇ 200 ವಾಟ್ ಕೊಟ್ಟರೂ ಬಯಲಿಗಿಂತ ಘಾಟಿಯಲ್ಲಿ ತೊಡೆ ಬೇರೆ ರೀತಿ ನೋಯುತ್ತದೆ ಎಂದು ಸವಾರರು ಹೇಳುವುದು ಬರೀ ಮನಸ್ಸಿನ ಭ್ರಮೆಯಲ್ಲ.

ಮನೆಯೊಳಗೆ ಈ ಅನುಭವವನ್ನು ಕೊಡುವುದು ಅಥವಾ ಕೆಡಿಸುವುದು ಫ್ಲೈವೀಲ್. ಭಾರದ ಗೇರ್ ಹಾಕಿ ಅದನ್ನು ಜೋರಾಗಿ ತಿರುಗಿಸಿದರೆ, ಪರದೆಯ ಮೇಲೆ ಎಂಥ ಬೆಟ್ಟವೇ ಇರಲಿ, ಕಾಲಿಗೆ ಸಿಗುವುದು ಬಯಲಿನ ಓಟ. ಗಾಲಿಯ ರಭಸ ಕಾಲನ್ನು ತಾನೇ ಸುತ್ತಿಸುತ್ತದೆ. ಹಗುರ ಗೇರಿನಲ್ಲಿ ಗಾಲಿ ನಿಧಾನವಾಗಿದ್ದಾಗ ಮಾತ್ರ ಆ ಸೋಲುವ ಚಣ ಕಾಲಿಗೆ ತಾಗುತ್ತದೆ. ಹಾಗಾಗಿ ಘಾಟಿಗೆಂದೇ ತಯಾರಾಗುವವರಿಗೆ ನನ್ನ ಸಲಹೆ ಇದು: ಯಂತ್ರ ಸೋಲದಿರುವಷ್ಟು ಏರನ್ನು ಆರಿಸಿಕೊಳ್ಳಿ, ಶೇಕಡಾ 7, 8 ಆದರೂ ಸಾಕು, ಆದರೆ ಹಗುರ ಗೇರಿನಲ್ಲೇ ತುಳಿಯಿರಿ. ಶೇಕಡಾ 18ರ ಸುಳ್ಳು ಏರಿಗಿಂತ 8ರ ನಿಜವಾದ ಏರು ಮೇಲು.

ಈಗ ಬಹಳ ಜಗಳಕ್ಕೆ ಕಾರಣವಾಗಿರುವ ಒಂದು ವಿಷಯ. ಜ್ವಿಫ್ಟ್ ಆಟದ ಸೆಟ್ಟಿಂಗುಗಳಲ್ಲಿ ಟ್ರೈನರ್ ಡಿಫಿಕಲ್ಟಿ ಎಂಬ ಒಂದು ಗೆರೆಯಿದೆ. ಅದನ್ನು ಸೊನ್ನೆಯಿಂದ ನೂರರವರೆಗೆ ಜಾರಿಸಬಹುದು. ಕಂಪನಿಯವರು ಅದನ್ನು ಮೊದಲಿಂದಲೇ ನಡುವಿನಲ್ಲಿ, ಐವತ್ತರಲ್ಲಿ, ಇಟ್ಟಿರುತ್ತಾರೆ. ಐವತ್ತರಲ್ಲಿದ್ದರೆ ಪರದೆಯ ಮೇಲೆ ಶೇಕಡಾ 10 ಇದ್ದಾಗ ಯಂತ್ರಕ್ಕೆ ಹೋಗುವ ಆಜ್ಞೆ 5 ಮಾತ್ರ. ಅಯ್ಯೋ, ಇದು ಮೋಸವಲ್ಲವೇ ಎಂದು ಹೊಸಬರು ಹೌಹಾರುತ್ತಾರೆ. ಅಲ್ಲ. ಪರದೆಯ ಮೇಲಿನ ವೇಗವನ್ನು ಆಟ ಲೆಕ್ಕ ಹಾಕುವುದು ನಿಮ್ಮ ವಾಟ್, ನಿಮ್ಮ ತೂಕ ಮತ್ತು ಪೂರ್ತಿ 10ರ ಏರನ್ನು ಹಿಡಿದು. ಗೆರೆಯನ್ನು ಸೊನ್ನೆಗೆ ತಂದರೂ 200 ವಾಟ್ ಕೊಟ್ಟವನಿಗೆ ಅದೇ ಒಂದೂಕಾಲು ಗಂಟೆ. ಬದಲಾಗುವುದು ಗೇರಿನ ವಿಷಯ ಮಾತ್ರ. ಪೆಡಲು ಎಷ್ಟು ಬೇಗ ತಿರುಗಿಸಿ ಆ 200 ವಾಟ್ ಕೊಡುತ್ತೀರಿ ಎಂಬುದನ್ನು ನೀವೇ ಆರಿಸಿಕೊಳ್ಳುವ ಸೌಕರ್ಯ ಅದು.

ಮೋಸವಲ್ಲ ಸರಿ, ಆದರೆ ಆ ಸೌಕರ್ಯ ನಿಜವಾದ ಘಾಟಿಯಲ್ಲಿ ಸಿಗುವುದಿಲ್ಲ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯನ್ನೇ ತೆಗೆದುಕೊಳ್ಳಿ. ಮೂವತ್ತಾರು ಹೇರ್‌ಪಿನ್ ತಿರುವುಗಳು. 2008ರಲ್ಲಿ ಶುರುವಾದ ಟೂರ್ ಆಫ್ ನೀಲ್‌ಗಿರೀಸ್ ಸೈಕಲ್ ಯಾತ್ರೆಗೆ ಹೋಗುವ ನಮ್ಮ ಬೆಂಗಳೂರು, ಮೈಸೂರಿನ ಸವಾರರು ವರ್ಷವೆಲ್ಲ ಹೆದರುವ ದಾರಿ ಅದು. ಅಲ್ಲಿ ಶೇಕಡಾ 15ರ ತುಂಡೊಂದು ಎದುರಾಯಿತು ಎನ್ನಿ. ನಮ್ಮ 80 ಕಿಲೋ, 200 ವಾಟ್ ಸವಾರನ ವೇಗ ಗಂಟೆಗೆ ಆರು ಕಿಲೋಮೀಟರ್. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಸಾಮಾನ್ಯ ರೋಡ್ ಬೈಕ್ ಆಗಿದ್ದರೆ ನಿಮಿಷಕ್ಕೆ ಪೆಡಲು ತಿರುಗುವುದು 39 ಸುತ್ತು. ಅದು ಸೈಕಲ್ ತುಳಿದಂತಲ್ಲ, ಒಂದೊಂದೇ ಮೆಟ್ಟಿಲು ಹತ್ತಿದಂತೆ. ಮಂಡಿಗೆ ಕೇಡು. ಹಿಂದೆ 34 ಹಲ್ಲಿನ ಗಾಲಿ ಹಾಕಿಸಿದ್ದರೆ 48 ಸುತ್ತು. ಆಗ ಬದುಕಬಹುದು. ಮನೆಯಲ್ಲಿ ಗೆರೆಯನ್ನು ಐವತ್ತರಲ್ಲಿಟ್ಟು ಆರು ತಿಂಗಳು ನುಣ್ಣಗೆ ಎಂಬತ್ತು ಸುತ್ತು ತಿರುಗಿಸಿಕೊಂಡವನಿಗೆ ಈ ಸಂಗತಿ ಗೊತ್ತಾಗುವುದು ಕಲ್ಹಟ್ಟಿಯ ಬುಡದಲ್ಲೇ. ಅಲ್ಲಿ ಸೈಕಲ್ ಅಂಗಡಿ ಎಲ್ಲಿಂದ ಬರಬೇಕು?

ಆದ್ದರಿಂದ ದಿನನಿತ್ಯದ ಅಭ್ಯಾಸಕ್ಕೆ ಗೆರೆ ಎಲ್ಲಿದ್ದರೂ ಪರವಾಗಿಲ್ಲ. ಘಾಟಿಗೆ ಹೊರಡುವ ಒಂದೆರಡು ತಿಂಗಳ ಮುಂಚೆ ಅದನ್ನು ನೂರಕ್ಕೆ ಏರಿಸಿ, ನಿಮ್ಮ ಗೇರ್ ಸಾಲುತ್ತದೆಯೇ ಎಂದು ನೋಡಿಕೊಳ್ಳಿ. ಎವರೆಸ್ಟಿಂಗ್ ಎಂಬ ಒಂದು ಹುಚ್ಚು ಸಾಹಸವಿದೆ. ಒಂದೇ ಏರನ್ನು ಮತ್ತೆ ಮತ್ತೆ ಹತ್ತಿ ಇಳಿದು ಒಟ್ಟು 8848 ಮೀಟರ್ ಏರುವುದು. ಆಲ್ಪ್ ದು ಜ್ವಿಫ್ಟ್ ಆದರೆ ಎಂಟೂವರೆ ಸಲ. ಮನೆಯೊಳಗೆ ಮಾಡಿದ್ದನ್ನೂ ಅದರ ಪಟ್ಟಿಯಲ್ಲಿ ಸೇರಿಸುತ್ತಾರೆ, ಆದರೆ ಗೆರೆ ನೂರರಲ್ಲಿ ಇರಲೇಬೇಕೆಂಬುದು ಅವರ ನಿಯಮ. ಸರಿಯಾದ ನಿಯಮ.

ಇನ್ನು ಮುಂದಿನ ಚಕ್ರವನ್ನು ಎತ್ತುವ ವಿಷಯ. ವಾಹೂ ಕಂಪನಿ 2017ರಲ್ಲಿ ಒಂದು ಯಂತ್ರ ತಂದಿತು. ಮುಂದಿನ ಚಕ್ರ ತೆಗೆದು ಫೋರ್ಕನ್ನು ಅದಕ್ಕೆ ಸಿಕ್ಕಿಸಿದರೆ ಪರದೆಯ ಏರಿಗೆ ತಕ್ಕಂತೆ ಸೈಕಲ್ಲಿನ ಮೂತಿ ಮೇಲೇಳುತ್ತದೆ, ಇಳಿಜಾರಿನಲ್ಲಿ ತಗ್ಗುತ್ತದೆ. ಸೊಗಸಾಗಿದೆ, ಅಗತ್ಯವಿಲ್ಲ. ಸೈಕಲ್ಲಿನ ಎರಡು ಅಚ್ಚುಗಳ ನಡುವಿನ ದೂರ ಹೆಚ್ಚುಕಡಿಮೆ ಒಂದು ಮೀಟರ್. ಮುಂದಿನ ಚಕ್ರದ ಕೆಳಗೆ ಹತ್ತು ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ತುಂಡಿಟ್ಟರೆ ಅದೇ ಶೇಕಡಾ 10ರ ಭಂಗಿ. ಸೀಟಿನ ಮೇಲೆ ಹಿಂದಕ್ಕೆ ಜಾರುವುದು, ಬೆನ್ನಿನ ಕೆಳಭಾಗ ಹಿಡಿಯುವುದು, ಕೈ ಹ್ಯಾಂಡಲ್ಲನ್ನು ಎಳೆಯುವುದು, ಎಲ್ಲವೂ ಅದರಲ್ಲೇ ಬರುತ್ತದೆ.

ಊರಿನ ಘಾಟಿಯನ್ನೇ ಮನೆಗೆ ತರುವ ಆಸೆ ಯಾರಿಗಿಲ್ಲ? ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ತಿರುವುಗಳ ದಾರಿಯನ್ನು ಮಳೆಗಾಲದಲ್ಲಿ ತುಳಿಯಲು ಧೈರ್ಯ ಸಾಲದವರು ಅದರ ನಕ್ಷೆಯ ಫೈಲನ್ನು ಟ್ರೈನರಿಗೆ ಹಾಕಿಕೊಳ್ಳಬಹುದು. ಆದರೆ ಆ ಫೈಲಿನಲ್ಲಿರುವ ಎತ್ತರದ ಅಂಕಿ ಎಲ್ಲಿಂದ ಬಂತು ಎಂದು ವಿಚಾರಿಸಬೇಕು. ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 2000ದ ಫೆಬ್ರವರಿಯಲ್ಲಿ ರಾಡಾರ್ ಹಿಡಿದು ಭೂಮಿಯ ಬಹುಪಾಲು ನೆಲದ ಎತ್ತರವನ್ನು ಅಳೆಯಿತು. ಇಂದಿಗೂ ಎಷ್ಟೋ ನಕ್ಷೆಗಳಿಗೆ ಅದೇ ಆಧಾರ. ಅದರಲ್ಲಿ ನೆಲವನ್ನು ಸುಮಾರು ಮೂವತ್ತು ಮೀಟರ್ ಚೌಕಗಳಾಗಿ ಕತ್ತರಿಸಿ, ಚೌಕಕ್ಕೊಂದು ಎತ್ತರ ಕೊಟ್ಟಿದ್ದಾರೆ. ಬಯಲುಸೀಮೆಯ ರಸ್ತೆಗೆ ಇದು ಧಾರಾಳ ಸಾಕು. ಘಾಟಿಯಲ್ಲಿ ಒಂದೇ ಚೌಕದೊಳಗೆ ರಸ್ತೆ, ಅದರ ಪಕ್ಕದ ಕಡಿದಾದ ಬರೆ, ಆ ಕಡೆಯ ಕಮರಿ, ಕೆಲವೊಮ್ಮೆ ಮೇಲಿನ ತಿರುವಿನ ರಸ್ತೆಯೂ ಸೇರಿಬಿಡುತ್ತದೆ. ಸಾಲದ್ದಕ್ಕೆ ದಟ್ಟ ಕಾಡಿನಲ್ಲಿ ರಾಡಾರು ನೆಲದ ಬದಲು ಮರದ ಹಂದರವನ್ನೇ ಮುಟ್ಟಿ ವಾಪಸು ಬಂದಿರುತ್ತದೆ. ಹೀಗಾಗಿ ಶೇಕಡಾ 8ರ ಹದವಾದ ರಸ್ತೆ ಫೈಲಿನಲ್ಲಿ ಒಮ್ಮೆ 25, ಮರುಕ್ಷಣ ಇಳಿಜಾರು, ಮತ್ತೆ 20 ಎಂದು ಕುಣಿಯುತ್ತದೆ. ಟ್ರೈನರು ಪಾಪ ಹೇಳಿದಂತೆ ಕೇಳುತ್ತದೆ. ಸವಾರ ಆಗುಂಬೆಯನ್ನು ಬೈಯುತ್ತಾನೆ.

ಇದಕ್ಕೆ ಪರಿಹಾರವಿದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೈಕಲ್ ಮೀಟರ್ ಇರುವ ಗೆಳೆಯರೊಬ್ಬರು ನಿಜವಾಗಿ ಆ ಘಾಟಿ ಹತ್ತಿದ ಫೈಲನ್ನು ಕೇಳಿ ತೆಗೆದುಕೊಳ್ಳಿ. ಎಂಟು ಒಂಬತ್ತು ಮೀಟರ್ ಮೇಲೇರಿದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಅದನ್ನು ಆ ಪುಟ್ಟ ಯಂತ್ರ ಚೆನ್ನಾಗಿಯೇ ಹಿಡಿಯುತ್ತದೆ. ಮಳೆ ಮೋಡ ಕವಿದು ಹವೆ ಬದಲಾದರೆ ಒಟ್ಟು ಎತ್ತರದಲ್ಲಿ ಸ್ವಲ್ಪ ತಪ್ಪಬಹುದು, ರಸ್ತೆಯ ಏರಿಳಿತದ ಆಕಾರ ಕೆಡುವುದಿಲ್ಲ.

ಇನ್ನು ಎರಡು ಚಿಲ್ಲರೆ ಮಾತು. ಒಂದು, ಸೆಖೆ. ಪೆಡಲಿಗೆ 200 ವಾಟ್ ಹೋಗಬೇಕಾದರೆ ಮೈಯೊಳಗೆ ಅದರ ಮೂರು ನಾಲ್ಕರಷ್ಟು ಶಾಖ ಹುಟ್ಟುತ್ತದೆ. ದೊಡ್ಡ ಫ್ಯಾನು ಬೇಕೇ ಬೇಕು. ಮುಗಿದ ಮೇಲೆ ಹ್ಯಾಂಡಲಿನ ಬೋಲ್ಟುಗಳ ಮೇಲಿನ ಬೆವರು ಒರೆಸಿ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಇನ್ನೊಂದು, ಕರೆಂಟು. ತಾನೇ ವಿದ್ಯುತ್ ಮಾಡಿಕೊಳ್ಳುವ ಕೆಲವು ದುಬಾರಿ ಯಂತ್ರಗಳನ್ನು ಬಿಟ್ಟರೆ, ಲೈಟು ಹೋದ ತಕ್ಷಣ ಅಯಸ್ಕಾಂತ ಸಾಯುತ್ತದೆ. ಎದ್ದು ನಿಂತು ತುಳಿಯುತ್ತಿದ್ದರೆ ಬೆಟ್ಟ ಕಾಲ ಕೆಳಗಿಂದ ಮಾಯವಾಗಿ ಮುಗ್ಗರಿಸುತ್ತೀರಿ. ಬೇಸಿಗೆಯಲ್ಲಿ ನಮ್ಮ ಊರುಗಳಲ್ಲಿ ಇದು ನೆನಪಿರಲಿ.

ಚಿಕ್ಕಮಗಳೂರಲ್ಲೋ ಮಡಿಕೇರಿಯಲ್ಲೋ ಇರುವವರು ಇದಕ್ಕೆ ದುಡ್ಡು ಸುರಿಯಬೇಡಿ. ಬಾಗಿಲು ತೆರೆದರೆ ಏರು ಅಲ್ಲೇ ಇದೆ. ರಾಯಚೂರಿನಂಥ ಸಮತಟ್ಟು ಊರಿನವರಿಗೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಂದಿಬೆಟ್ಟದವರೆಗೆ ಹೋಗಿ ಬರಲು ಪುರುಸೊತ್ತಿಲ್ಲದವರಿಗೆ, ಮಳೆಗಾಲದ ಕರಾವಳಿಯವರಿಗೆ ಇದು ಉಪಯೋಗದ ವಸ್ತು.

ಕೊನೆಯದಾಗಿ ಒಂದು ಎಚ್ಚರಿಕೆ. 2020ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಮೊದಲ ಬಾರಿಗೆ ಮನೆಯೊಳಗಿನ ಸೈಕಲ್ಲಿಗೆ ವಿಶ್ವ ಚಾಂಪಿಯನ್ ಪಟ್ಟ ಕೊಟ್ಟಿತು. ಪುರುಷರಲ್ಲಿ ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್. ಅವರು ಆಗ ದೋಣಿ ಸ್ಪರ್ಧೆಯ ಕ್ರೀಡಾಪಟು. ಮರುವರ್ಷ ಟೋಕಿಯೊ ಒಲಿಂಪಿಕ್ಸಿನಲ್ಲಿ ದೋಣಿ ನಡೆಸಿಯೇ ಬೆಳ್ಳಿ ಪದಕ ತೆಗೆದುಕೊಂಡರು. ಅಂದರೆ, ಟ್ರೈನರ್ ಅಳೆಯುವುದು ಕಾಲು ಮತ್ತು ಶ್ವಾಸಕೋಶವನ್ನು. ತಿರುವಿನಲ್ಲಿ ಸೈಕಲ್ಲನ್ನು ಎಷ್ಟು ವಾಲಿಸಬೇಕು, ಒದ್ದೆ ರಸ್ತೆಯಲ್ಲಿ ಯಾವ ಬ್ರೇಕ್ ಎಷ್ಟು ಹಿಡಿಯಬೇಕು, ಹೇರ್‌ಪಿನ್ನಿನಲ್ಲಿ ರಸ್ತೆಯೆಲ್ಲ ತನ್ನದೇ ಎಂಬಂತೆ ಇಳಿದುಬರುವ ಬಸ್ಸಿಗೆ ಹೇಗೆ ದಾರಿ ಬಿಡಬೇಕು ಎಂಬುದನ್ನು ಅದು ಕಲಿಸುವುದಿಲ್ಲ. ಮನೆಯಲ್ಲಿ ಹತ್ತಿ ಹತ್ತಿ ಕಾಲು ಗಟ್ಟಿಯಾದವರು ಘಾಟಿಯನ್ನು ಸುಲಭವಾಗಿ ಏರಿ, ಇಳಿಯುವಾಗ ಬೀಳುತ್ತಾರೆ. ಇಳಿಯುವುದನ್ನು ಸಣ್ಣ ಗುಡ್ಡದ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಅನುಭವಿಗಳೊಬ್ಬರ ಜೊತೆ ಬೇರೆಯಾಗಿಯೇ ಅಭ್ಯಾಸ ಮಾಡಿ. ತಿಂಗಳುಗಟ್ಟಲೆ ಟ್ರೈನರಿನ ಮೇಲೆಯೇ ಇದ್ದ ಸೈಕಲ್ಲನ್ನು ಘಾಟಿಗೆ ಒಯ್ಯುವ ಮುನ್ನ ಎರಡೂ ಬ್ರೇಕುಗಳ ರಬ್ಬರನ್ನು ತಪ್ಪದೆ ಪರೀಕ್ಷಿಸಿ.